ಡ್ಯಾಮಿನ ಗೇಟು ಮುರಿದ ವಾರ ನಾವು ಹೊರಟ ಸೇವೆ

2024ರ ಆಗಸ್ಟ್ 10, ಶನಿವಾರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಬಳ್ಳಾರಿ, ಕೊಪ್ಪಳ, ರಾಯಚೂರಿನವರು ಯಾರೂ ಆ ರಾತ್ರಿಯನ್ನು ಮರೆತಿಲ್ಲ. ನನಗೆ ಆ ವಾರ ಇನ್ನೊಂದು ಕಾರಣಕ್ಕೂ ನೆನಪಿದೆ. ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ, ಇವತ್ತು ಬರೆಯುತ್ತಿದ್ದೇನೆ.

ಆ ವರ್ಷ ಆಗಸ್ಟ್ 15 ಗುರುವಾರ ಬಂದಿತ್ತು. ಶುಕ್ರವಾರ ಒಂದು ರಜೆ ಹಾಕಿದರೆ ನಾಲ್ಕು ದಿನ ಸಿಗುತ್ತದೆ. ಕಂಪ್ಲಿ ಕಡೆ ಹೊಳೆದಂಡೆಯ ಒಂದು ಹಳ್ಳಿಗೆ ಸೇವೆಗೆ ಹೋಗೋದು ಅಂತ ನಮ್ಮ ಸಭೆಯ (ಚರ್ಚಿನ) ಯೂತ್ ಟೀಮಿನವರು ಎರಡು ತಿಂಗಳಿಂದ ತಯಾರಾಗಿದ್ದೆವು. ನಾವು ಹದಿನಾಲ್ಕು ಜನ. ಮಕ್ಕಳಿಗೆ ಹಾಡು, ಕಥೆ. ದೊಡ್ಡವರಿಗೆ ಒಂದು ನಾಟಕ. ಬಿಪಿ, ಶುಗರ್ ನೋಡೋದಕ್ಕೆ ನಮ್ಮ ಜೊತೆಗೆ ನರ್ಸ್ ಆಗಿರುವ ಒಬ್ಬ ಸಿಸ್ಟರ್. ಯಾವ ಗಂಟೆಗೆ ಏನು ಅಂತ ನಾನೇ ಒಂದು ಹಾಳೆಯಲ್ಲಿ ಬರೆದು, ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಕೊಟ್ಟಿದ್ದೆ. ನಾಟಕದ ಬಟ್ಟೆಯನ್ನೂ ನಾನೇ ಹೊಲಿದಿದ್ದೆ.

ಭಾನುವಾರ ಆರಾಧನೆಗೆ ಮುಂಚೆಯೇ ಆ ಊರಿನ ಪಾಸ್ಟರ್ ಫೋನ್ ಮಾಡಿದರು. "ಸಿಸ್ಟರ್, ಹೊಳೆಗೆ ನೀರು ಜಾಸ್ತಿ ಬಿಡ್ತಾರಂತೆ. ದಂಡೆಯವರೆಲ್ಲ ಹುಷಾರಾಗಿರಿ ಅಂತ ಹೇಳಿದ್ದಾರೆ. ಈಗ ಬರೋದು ಬ್ಯಾಡ್ರಿ," ಅಂದರು. ಎರಡು ದಿನ ಬಿಟ್ಟು ನರ್ಸ್ ಸಿಸ್ಟರ್‌ಗೆ ರಜೆಯೂ ಸಿಗಲಿಲ್ಲ. ನಾನು ಅಡುಗೆಮನೆಯಲ್ಲಿ ಕೂತು ಅತ್ತೆ. ಹೊಳೆದಂಡೆಯ ಜನರಿಗಾಗಿ ಅತ್ತೆನಾ, ನನ್ನ ಹಾಳೆಗಾಗಿ ಅತ್ತೆನಾ? ಈ ಪ್ರಶ್ನೆಯನ್ನು ಆಮೇಲೆ ತುಂಬಾ ಸಲ ಕೇಳಿಕೊಂಡಿದ್ದೇನೆ. ಹಾಳೆಗಾಗಿಯೇ ಅತ್ತಿದ್ದು.

ನಮ್ಮ ಸಭೆಯ ಪಾಸ್ಟರ್ ಅಯ್ಯನವರಿಗೆ ಸಿಂಧನೂರು ತಾಲ್ಲೂಕಿನ ಒಂದು ಕ್ಯಾಂಪಿನಲ್ಲಿ ಪರಿಚಯವಿತ್ತು. "ಅಲ್ಲಿ ಕೇಳಿದೀನಿ, ಬರ್ರಿ ಅಂದಾರೆ. ಹೋಗಿ ಬರ್ರಿ," ಅಂದರು. ಕ್ಯಾಂಪು ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಕಾಲುವೆ ಆದಮೇಲೆ ಆಂಧ್ರದಿಂದ ಬಂದು ಭತ್ತ ಬೆಳೆಯೋದಕ್ಕೆ ನಿಂತವರ ಊರುಗಳು. ಮನೆಮಾತು ತೆಲುಗು. ನಮ್ಮ ನಾಟಕ ಕನ್ನಡದ್ದು. ಅದೂ ಮಾತೇ ಜಾಸ್ತಿ ಇರುವ ನಾಟಕ.

ಗುರುವಾರ ಧ್ವಜಾರೋಹಣ ಮುಗಿಸಿ ಎರಡು ಕ್ರೂಸರ್‌ನಲ್ಲಿ ಹೊರಟೆವು. ಸಿರುಗುಪ್ಪ ದಾಟಿ ದಢೇಸುಗೂರಿನ ಸೇತುವೆ ಬಂದಾಗ ಡ್ರೈವರ್ ಅಣ್ಣ ಗಾಡಿ ನಿಧಾನ ಮಾಡಿದರು. ಕೆಳಗೆ ಹೊಳೆ ಕೆಂಪಗೆ, ತುಂಬಿ ಹರಿಯುತ್ತಿತ್ತು. ಮಳೆಯ ನೀರಾಗಿದ್ದರೆ ಖುಷಿಯಿಂದ ನೋಡುತ್ತಿದ್ದೆವೇನೋ. ಡ್ಯಾಮ್ ತುಂಬಿ 105 ಟಿಎಂಸಿ ನಿಂತಿದ್ದಾಗಲೇ ಗೇಟು ಹೋಗಿತ್ತು. ನೀರಿನ ಮಟ್ಟ ಇಳಿಸದೆ ಆ ಜಾಗಕ್ಕೆ ಬೇರೇನೂ ಇಳಿಸೋದಕ್ಕೆ ಆಗಲ್ಲ ಅಂತ ನೀರು ಬಿಡುತ್ತಿದ್ದರು. ಕೆಳಗೆ ಹರಿಯುತ್ತಿದ್ದದ್ದು ಮೂರು ಜಿಲ್ಲೆಯ ಗದ್ದೆಗಳ ನೀರು. ಗಾಡಿಯಲ್ಲಿ ಹಾಡುತ್ತಿದ್ದ ಹುಡುಗರು ಸುಮ್ಮನಾದರು.

ಕ್ಯಾಂಪಿನಲ್ಲಿ ನಾಟಿ ಕೆಲಸ. ಹೆಂಗಸರು ಬೆಳಿಗ್ಗೆಯೇ ಗದ್ದೆಗೆ ಹೋದರೆ ಸಂಜೆ ಸೊಂಟ ಹಿಡಿದುಕೊಂಡು ಬರುತ್ತಿದ್ದರು. ನನ್ನ ಹಾಳೆಯಲ್ಲಿ ಸಂಜೆ ನಾಲ್ಕಕ್ಕೆ ಮಹಿಳೆಯರ ಕೂಟ ಅಂತಿತ್ತು. ನಾಲ್ಕಕ್ಕೆ ಯಾರು ಬರುತ್ತಾರೆ? ಬಂದವರಿಗೂ ಮನಸ್ಸು ಅಲ್ಲಿರಲಿಲ್ಲ. ಸಸಿ ನೆಟ್ಟಾಗಿದೆ, ಗೊಬ್ಬರಕ್ಕೆ ಸಾಲ ಮಾಡಾಗಿದೆ, ಕಾಲುವೆಗೆ ನೀರು ಎಷ್ಟು ದಿನ ಬರುತ್ತೆ? ಎಲ್ಲರ ಬಾಯಲ್ಲೂ ಅದೇ ಮಾತು. ಆ ಜನರ ಮುಂದೆ ಬಣ್ಣದ ಬಟ್ಟೆ ಹಾಕಿಕೊಂಡು ನಾಟಕ ಆಡೋದಕ್ಕೆ ನಮಗೆ ಮನಸ್ಸಾಗಲಿಲ್ಲ. ಚೀಲ ಬಿಚ್ಚಲೇ ಇಲ್ಲ.

ಹಾಗಾಗಿ ಏನು ಮಾಡಿದೆವು? ಹುಡುಗರು ಗದ್ದೆಗೆ ಸಸಿಯ ಕಟ್ಟು ಹೊತ್ತರು. ಹುಡುಗಿಯರು ಮಕ್ಕಳಿಗೆ ಒಂದು ಹಾಡು ಕಲಿಸಿದರು, ಮಕ್ಕಳು ಅದನ್ನು ಅರ್ಧ ತೆಲುಗಿಗೆ ತಿರುಗಿಸಿಕೊಂಡರು. ರಾತ್ರಿ ಊಟವಾದ ಮೇಲೆ ಮನೆಗಳಿಗೆ ಹೋಗಿ ಕೂತು, ಅವರು ಹೇಳಿದ್ದನ್ನು ಕೇಳಿ, ಪ್ರಾರ್ಥನೆ ಮಾಡಿದೆವು. ಅಷ್ಟೇ. ಲೆಕ್ಕ ಬರೆದರೆ ಒಂದು ಸಾಲಿನ ಸೇವೆ.

ಶುಕ್ರವಾರ ರಾತ್ರಿ ಒಬ್ಬ ಅಜ್ಜಿಯ ಮನೆಯಲ್ಲಿದ್ದೆವು. ಮಗ ನಾಲ್ಕು ಎಕರೆ ಲೀಜಿಗೆ ಹಾಕಿಕೊಂಡಿದ್ದ. ನೀರು ಬರಲಿ, ಬಿಡಲಿ, ಲೀಜಿನ ದುಡ್ಡು ಕಟ್ಟಲೇಬೇಕು. ಟಿವಿಯಲ್ಲಿ ಡ್ಯಾಮನ್ನೇ ತೋರಿಸುತ್ತಿದ್ದರು. ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ, ಮುರಿದ ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗಿನ ಮೊದಲ ಭಾಗ ಇಳಿಸುತ್ತಿತ್ತು. ಮಗ ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಅಜ್ಜಿ ಟಿವಿ ನೋಡಲೇ ಇಲ್ಲ. ಪ್ರಾರ್ಥನೆ ಮಾಡೋಣವಾ ಅಂತ ನಾನು ಕೇಳುವಷ್ಟರಲ್ಲಿ ಅವರೇ ಸೆರಗು ತಲೆಗೆ ಹೊದ್ದು ಶುರು ಮಾಡಿದರು. ಬಳ್ಳಾರಿಯವರಿಗೆ ತೆಲುಗು ಅರ್ಥ ಆಗುತ್ತದೆ ಅಲ್ವಾ. "ಪ್ರಭುವಾ, ನೀಳ್ಳಿಚ್ಚಿನಾ, ಇವ್ವಕಪೋಯಿನಾ, ನೀವೇ ಮಾ ದೇವುಡು." ನೀರು ಕೊಟ್ಟರೂ, ಕೊಡದೆ ಹೋದರೂ ನೀನೇ ನಮ್ಮ ದೇವರು. ಆಮೇಲೆ ನಮ್ಮ ಹದಿನಾಲ್ಕು ಜನರಿಗಾಗಿ ಬೇಡಿಕೊಂಡರು. ಡ್ಯಾಮಿನ ಮೇಲೆ ಕೆಲಸ ಮಾಡುತ್ತಿರುವವರ ಕೈಕಾಲು ಕಾಪಾಡು ಅಂದರು. ತಮ್ಮ ನಾಲ್ಕು ಎಕರೆಯ ಮಾತು ಕೊನೆಯಲ್ಲಿ ಬಂತು.

ಬೈಬಲಿನ ಹಬಕ್ಕೂಕನ ಪುಸ್ತಕದ ಕೊನೆಯ ವಚನಗಳು ಇವೇ ಅಲ್ವಾ? ಹೊಲಗಳು ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ದನ ಇಲ್ಲದಿದ್ದರೂ ನಾನು ಯೆಹೋವನಲ್ಲಿ ಸಂತೋಷಪಡುವೆನು ಅನ್ನೋದು. ಸಂಡೇ ಸ್ಕೂಲಿನಲ್ಲಿ ಅದನ್ನು ಬಾಯಿಪಾಠ ಹೇಳಿ ನಾನು ಸ್ಟೀಲ್ ಲೋಟ ಗೆದ್ದಿದ್ದೆ. ಅದನ್ನು ಬದುಕುವವರನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತು.

ಈಗ ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ನಾವು ವಾಪಸ್ ಬಂದು ಸಭೆಯ ಮುಂದೆ ಸಾಕ್ಷಿ, ಅಂದರೆ ದೇವರು ನಡೆಸಿದ ಅನುಭವ, ಹೇಳುವಾಗ ನಮ್ಮ ಟೀಮಿನ ಒಬ್ಬ ತಮ್ಮ, "ನಮ್ಮನ್ನ ಆ ಕ್ಯಾಂಪಿಗೆ ಕಳಿಸೋಕೆ ದೇವರೇ ಗೇಟು ಮುರಿದರು," ಅಂದ. ಎಲ್ಲರೂ ಆಮೆನ್ ಅಂದರು. ನನ್ನ ಬಾಯಿಂದ ಆಮೆನ್ ಬರಲಿಲ್ಲ. ಅವನ ಪ್ರೀತಿ ನನಗೆ ಗೊತ್ತು, ಅವನ ಮೇಲೆ ಕೋಪವಿಲ್ಲ. ಆದರೆ ಲಕ್ಷಾಂತರ ಎಕರೆಯ ರೈತರ ಎದೆ ಒಡೆಸಿ, ಹದಿನಾಲ್ಕು ಜನರಿಗೆ ಪಾಠ ಕಲಿಸುವ ದೇವರನ್ನು ನಾನು ನಂಬುವುದಿಲ್ಲ. ಗೇಟು ಮುರಿದದ್ದು ನಮಗೋಸ್ಕರ ಅಲ್ಲ. ಮುರಿದ ಮೇಲೆ ಆ ಮನೆಗಳಲ್ಲಿ ದೇವರು ಇದ್ದರು, ನಾವು ತಡವಾಗಿ ಹೋಗಿ ಅವರನ್ನು ಕಂಡೆವು. ಈ ಎರಡು ಮಾತಿಗೆ ತುಂಬಾ ವ್ಯತ್ಯಾಸ ಇದೆ. ಮೊದಲನೆಯದರಲ್ಲಿ ನಡುವೆ ನಾವಿದ್ದೇವೆ. ಎರಡನೆಯದರಲ್ಲಿ ಆ ಅಜ್ಜಿ ಇದ್ದಾರೆ.

ಪ್ಲಾನ್ ಬದಲಾದಾಗಲೆಲ್ಲ ನಾವು ಬೈಬಲಿನ ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯ ಹೇಳುತ್ತೇವೆ. ಅಪೊಸ್ತಲ ಪೌಲನನ್ನು ಆಸ್ಯಸೀಮೆಯಲ್ಲಿ ವಾಕ್ಯ ಹೇಳದಂತೆ ಪವಿತ್ರಾತ್ಮನು ತಡೆದದ್ದು, ಬಿಥೂನ್ಯಕ್ಕೂ ಬಿಡದೇ ಇದ್ದದ್ದು, ಆಮೇಲೆ ಮಕೆದೋನ್ಯಕ್ಕೆ ಬಾ ಅಂತ ಕರೆದ ದರ್ಶನ. ಆ ಅಧ್ಯಾಯವನ್ನು ಪೂರ್ತಿ ಓದಿ. ಯಾಕೆ ತಡೆದರು ಅಂತ ಅಲ್ಲಿ ಎಲ್ಲೂ ಹೇಳಿಲ್ಲ. ಮಕೆದೋನ್ಯದ ಫಿಲಿಪ್ಪಿಯಲ್ಲಿ ಹೊಳೆ ದಂಡೆಯಲ್ಲಿ, ವಾಕ್ಯ ಕೇಳಿ ನಂಬಿದ ಲುದ್ಯ ಸಿಕ್ಕಳು, ನಿಜ. ಅದೇ ಊರಿನಲ್ಲಿ ಏಟೂ ಬಿತ್ತು, ಕಾಲಿಗೆ ಕೋಳವೂ ಬಿತ್ತು. ದೇವರೇ ತೋರಿಸಿದ ದಾರಿಯಲ್ಲಿ ಹೋದವರಿಗೆ ಜೈಲಾಯಿತು! ದಾರಿ ಬದಲಾದರೆ ಮುಂದೆ ಒಳ್ಳೇದೇ ಕಾದಿದೆ ಅಂತ ಅಲ್ಲಿ ಬರೆದಿಲ್ಲ.

ನಮ್ಮ ಬಳ್ಳಾರಿಯದೇ ಒಂದು ಕಥೆ ಇದೆ. ಲಂಡನ್ ಮಿಷನ್ನಿನ ಮಿಷನರಿ ಜಾನ್ ಹ್ಯಾಂಡ್ಸ್ ಹೊರಟದ್ದು ಶ್ರೀರಂಗಪಟ್ಟಣಕ್ಕೆ. ಅಲ್ಲಿ ಆಗಲಿಲ್ಲ. 1810ರಲ್ಲಿ ಬಳ್ಳಾರಿಗೆ ಬಂದರು. ಇಲ್ಲಿ ಕೂತು ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಶುರು ಮಾಡಿದರು. ಅದು ಒಂದು ವರ್ಷದಲ್ಲೋ ಎರಡು ವರ್ಷದಲ್ಲೋ ಮುಗಿಯುವ ಕೆಲಸ ಆಗಿರಲಿಲ್ಲ. ಬಂದ ಮೊದಲ ಬೇಸಿಗೆಯಲ್ಲಿ, ಈ ಬಿಸಿಲಿನಲ್ಲಿ, ಇದೆಲ್ಲ ಯಾಕೆ ಅಂತ ಅವರಿಗೆ ಗೊತ್ತಿತ್ತಾ? ಗೊತ್ತಿರಲಿಲ್ಲ ಅಂತಲೇ ನನಗೆ ಅನಿಸುತ್ತದೆ. ಗೊತ್ತಾದ ಮೇಲೆ ನಂಬೋದು ಸುಲಭ.

ನಾವು ಅಲ್ಲಿಂದ ಹೊರಡುವಷ್ಟರಲ್ಲಿ ಸ್ಟಾಪ್‌ಲಾಗ್ ನಿಂತಿತ್ತು. ಮುಂದೆ ಮಳೆಯೂ ಬಂತು, ಸೆಪ್ಟೆಂಬರಿನಲ್ಲಿ ಡ್ಯಾಮ್ ಮತ್ತೆ ತುಂಬಿತು, ಆ ಬೆಳೆ ಕೈಗೆ ಬಂತು. ದೇವರಿಗೆ ಸ್ತೋತ್ರ. ಆದರೆ ಬೆಳೆ ಬಂದದ್ದರಿಂದ ನನ್ನ ನಂಬಿಕೆ ಬೆಳೆಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಅಜ್ಜಿ ಪ್ರಾರ್ಥನೆ ಮಾಡಿದ್ದು ಸ್ಟಾಪ್‌ಲಾಗ್ ನಿಲ್ಲುವ ಮುಂಚೆ.

2025ರಲ್ಲಿ, ಎಲ್ಲ 33 ಗೇಟುಗಳನ್ನೂ ಹೊಸದಾಗಿ ಹಾಕಬೇಕು ಅಂತ ಎರಡನೇ ಬೆಳೆಗೆ ನೀರಿಲ್ಲ ಅಂದರಲ್ಲ, ಆಗ ಅಜ್ಜಿಗೆ ಫೋನ್ ಮಾಡಿದೆ. ಹೇಗಿದ್ದೀರಿ ಅಂತ ಕೇಳೋದಕ್ಕೇ ನನಗೆ ಭಯ. ಮಗ ಕೂಲಿಗೆ ಬೇರೆ ಕಡೆ ಹೋಗಬೇಕಾಗಬಹುದು ಅಂದರು. ಅಳಲಿಲ್ಲ, ಸಮಾಧಾನದ ಮಾತನ್ನೂ ಆಡಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಮಕ್ಕಳು ನಿಮ್ಮ ಹಾಡು ಇನ್ನೂ ಹಾಡ್ತಾರಮ್ಮ, ಯಾವಾಗ ಬರ್ತೀರಿ?" ಅಂತ ಕೇಳಿದರು. ತಾರೀಕು ಹೇಳೋದಕ್ಕೆ ನನಗೆ ಬಾಯಿ ಬರಲಿಲ್ಲ. ಬರ್ತೀವಿ ಅಮ್ಮಮ್ಮ ಅಂದೆ.