ಆಡ್‌ವರ್ಬ್ ಕ್ರಿಯಾಪದಕ್ಕೆ ಅಂಟಿಕೊಂಡೇ ಇರಬೇಕೆ? ಸ್ಪಷ್ಟನೆ

ಇಂಗ್ಲಿಷ್ ವಾಕ್ಯದಲ್ಲಿ ಆಡ್‌ವರ್ಬ್ (ಕ್ರಿಯೆ ಹೇಗೆ, ಎಷ್ಟು ಸಲ ನಡೆಯುತ್ತದೆ ಎಂಬುದನ್ನು ಹೇಳುವಂಥ ಪದ) ಯಾವಾಗಲೂ ಕ್ರಿಯಾಪದದ ಪಕ್ಕದಲ್ಲೇ ಬರಬೇಕು ಎಂಬ ಮಾತು ಹರಿದಾಡುತ್ತಿದೆ. ಇದು ಅರ್ಧ ಸತ್ಯ.

ಆಲ್ವೇಸ್, ಆಫನ್, ನೆವರ್ ಮುಂತಾದವು ಸಾಮಾನ್ಯವಾಗಿ ಮುಖ್ಯ ಕ್ರಿಯಾಪದಕ್ಕಿಂತ ಮೊದಲು ಕೂರುತ್ತವೆ: "ಶಿ ಆಲ್ವೇಸ್ ಕಮ್ಸ್ ಲೇಟ್". ಆದರೆ ಈಸ್, ಆರ್, ವಾಸ್ ಇದ್ದರೆ ಅವುಗಳ ನಂತರ: "ಶಿ ಈಸ್ ಆಲ್ವೇಸ್ ಲೇಟ್". ಸಹಾಯಕ ಕ್ರಿಯಾಪದ ಎರಡಿದ್ದರೆ ಮೊದಲನೆಯದರ ನಂತರ: "ಹಿ ಹ್ಯಾಸ್ ನೆವರ್ ಬೀನ್ ಟೋಲ್ಡ್".

ಹೆಚ್ಚು ಎಡವುವುದು ರೀತಿ ಹೇಳುವ ಪದಗಳಲ್ಲಿ. "ಶಿ ಸ್ಪೀಕ್ಸ್ ವೆಲ್ ಇಂಗ್ಲಿಷ್" ತಪ್ಪು. ಕ್ರಿಯಾಪದಕ್ಕೂ ಕರ್ಮಕ್ಕೂ ನಡುವೆ ಆಡ್‌ವರ್ಬ್ ತೂರಿಸಬಾರದು. "ಶಿ ಸ್ಪೀಕ್ಸ್ ಇಂಗ್ಲಿಷ್ ವೆಲ್" ಸರಿ. ಕರ್ಮವೇ ಉದ್ದವಾಗಿದ್ದರೆ ಮಾತ್ರ (ಇದನ್ನು ಹೇಳಿಕೊಡುವವರು ಕಡಿಮೆ) ನಡುವೆ ಬರಬಹುದು: "ಶಿ ಎಕ್ಸ್‌ಪ್ಲೇನ್ಡ್ ಕ್ಲಿಯರ್ಲಿ ವೈ ದ ಪ್ಲಾನ್ ಫೇಲ್ಡ್". ಇಲ್ಲಿ ಕ್ಲಿಯರ್ಲಿಯನ್ನು ಕೊನೆಗೆ ತಳ್ಳಿದರೆ ಯೋಜನೆ ಸ್ಪಷ್ಟವಾಗಿ ಸೋತಿತು ಎಂಬ ಅರ್ಥ ಬಂದುಬಿಡುತ್ತದೆ.