ಎಸಿ ಕೂಡಿಸುವವರಿಗೆ ಮೂರು ತಾಸು ಕೊಡಿ

ಈ ಸಲ ಫೆಬ್ರುವರಿ ಮುಗಿಯುವುದರೊಳಗೇ ನಮ್ಮ ರಾಯಚೂರಿನ ಬಿಸಿಲು ಬೆನ್ನು ಸುಡಲು ಶುರುವಾಗಿದೆ. ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ದಿನಾ ಒಂದೇ ಮಾತು. ಯಾವ ಎಸಿ ತರಬೇಕು, ಒಂದು ಟನ್ ಸಾಕಾ, ಒಂದೂವರೆ ಬೇಕಾ, ಮೂರು ಸ್ಟಾರ್ ಇರಲಾ ಐದು ಇರಲಾ, ಯಾವ ಅಂಗಡಿಯಲ್ಲಿ ಕಂತಿನ ಮೇಲೆ ಕೊಡುತ್ತಾರೆ. ಹದಿನೈದು ದಿನ ಇದನ್ನೇ ಮಾತಾಡುತ್ತಾರೆ. ಅದನ್ನು ಯಾರು ಕೂಡಿಸುತ್ತಾರೆ, ಹೇಗೆ ಕೂಡಿಸುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಒಬ್ಬರೂ ಕೇಳಿಲ್ಲ. ಹೋದ ವರ್ಷ ನಾನೂ ಕೇಳಿರಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮಪ್ಪನಿಗೆ 74 ವರ್ಷ. ಮೊನ್ನೆ ಮೊನ್ನೆಯವರೆಗೂ ಬೇಸಿಗೆ ಬಂತೆಂದರೆ ಸಂಜೆ ನಾಲ್ಕು ಬಕೆಟ್ ನೀರು ಮಾಳಿಗೆ ಮೇಲೆ ಚೆಲ್ಲಿ, ಊಟ ಆದಮೇಲೆ ಚಾಪೆ ಹಾಸಿಕೊಂಡು ಅಲ್ಲೇ ಮಲಗುತ್ತಿದ್ದರು. ಎರಡು ವರ್ಷದಿಂದ ಮೊಣಕಾಲು ಮೆಟ್ಟಿಲು ಹತ್ತಲು ಬಿಡುತ್ತಿಲ್ಲ. ಅವರ ಕೋಣೆಯ ನೆತ್ತಿಯ ಮೇಲೆ ನೇರವಾಗಿ ಆರ್‌ಸಿಸಿ. ಏಪ್ರಿಲ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಕುರ್ಚಿ ಮೇಲೆ ನಿಂತು ಆ ಛತ್ತಿಗೆ ಕೈ ಇಟ್ಟು ನೋಡಿದ್ದೇನೆ, ರೊಟ್ಟಿ ಬೇಯಿಸಿ ಇಳಿಸಿದ ಹಂಚು ಮುಟ್ಟಿದ ಹಾಗಿತ್ತು. ಫ್ಯಾನ್ ಹಾಕಿದರೆ ಆ ಬಿಸಿಯನ್ನೇ ತಂದು ಮೈಮೇಲೆ ಸುರಿಯುತ್ತದೆ. ಅಪ್ಪ ಒದ್ದೆ ಟವೆಲ್ ಎದೆ ಮೇಲೆ ಹಾಕಿಕೊಂಡು ಮಲಗುವುದನ್ನು ನೋಡಲಾಗದೆ ಎಸಿ ತಂದೆವು.

ತಂದಿದ್ದು ಏಪ್ರಿಲ್ ನಡುವಿನಲ್ಲಿ. ನಾಲ್ಕು ದಿನ ಕಾದ ಮೇಲೆ ಮಧ್ಯಾಹ್ನ ಒಂದು ಗಂಟೆಗೆ ಇಬ್ಬರು ಹುಡುಗರು ಬೈಕಿನಲ್ಲಿ ಬಂದರು. ಒಬ್ಬನಿಗೆ ಇಪ್ಪತ್ತು ವರ್ಷ ಇರಬಹುದು, ತುಟಿ ಒಣಗಿ ಬಿರುಕು ಬಿಟ್ಟಿತ್ತು. ಅವ್ವ ಮಜ್ಜಿಗೆ ಕೊಟ್ಟು, ಕೂತು ಕುಡೀರಿ ಅಂದರೆ, "ಇನ್ನೂ ನಾಲ್ಕು ಮನಿ ಅದಾವ್ರಿ ಅವ್ವಾ" ಅಂತ ನಿಂತೇ ಕುಡಿದ. ನಲವತ್ತು ನಿಮಿಷದಲ್ಲಿ ಗೋಡೆ ಕೊರೆದು, ಪೈಪು ಜೋಡಿಸಿ, ಚಾಲೂ ಮಾಡಿ ಹೊರಟೇ ಹೋದರು. ಕೋಣೆ ತಣ್ಣಗಾಯಿತು. ಎಷ್ಟು ಚುರುಕು ಹುಡುಗರು ಅಂತ ನಾವೂ ಹೊಗಳಿದೆವು.

ಮೂರನೇ ವಾರಕ್ಕೆ ರಾತ್ರಿ ಅಪ್ಪನ ದಿಂಬಿನ ಮೇಲೆ ನೀರು ತೊಟ್ಟಿಕ್ಕಿತು. ಮೇ ಕೊನೆಗೆ ತಂಪೇ ಇಲ್ಲ. ಫೋನ್ ಮಾಡಿದರೆ ಬೇರೆ ಯಾರೋ ಬಂದು "ಗ್ಯಾಸ್ ಖಾಲಿ ಆಗಿದೆ" ಅಂದು ತುಂಬಿಸಿ 2,800 ರೂಪಾಯಿ ತೆಗೆದುಕೊಂಡು ಹೋದರು. ಜೂನ್‌ನಲ್ಲಿ ಮತ್ತೆ ಅದೇ ಕತೆ. ಒಂದು ಮಾತು ಎಲ್ಲರೂ ತಲೆಯಲ್ಲಿ ಇಟ್ಟುಕೊಳ್ಳಿ. ಎಸಿಯ ಗ್ಯಾಸು ಗಾಡಿಯ ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತು ಅಲ್ಲ. ಅದೇ ಗ್ಯಾಸು ಒಳಗೆ ಹೊರಗೆ ಸುತ್ತುತ್ತಾ ಇರುತ್ತದೆ, ಒಳಗೆ ಶಾಖ ಹೀರಿ ಹೊರಗೆ ಹೋಗಿ ಬಿಡುತ್ತದೆ, ಅಷ್ಟೇ. ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿಸುವುದು ತೂತು ಕೊಡಕ್ಕೆ ನೀರು ಹಾಕಿದ ಹಾಗೆ. ವರ್ಷಾ ವರ್ಷಾ ಗ್ಯಾಸ್ ತುಂಬಿಸಲೇಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕೊನೆಗೆ ಗೆಳೆಯನೊಬ್ಬ ಹಳೆಯ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಬಂದ. ಅರವತ್ತು ದಾಟಿದವರು, ಓಣಿಯವರೆಲ್ಲ ಚಾಚಾ ಅಂತಾರೆ, ನಾನೂ ಹಾಗೇ ಕರೆದೆ. ಬಂದವರು ಮೊದಲು ಎಸಿ ಮುಟ್ಟಲೇ ಇಲ್ಲ. ಒಳಗಿನ ಯೂನಿಟ್ಟಿನ ಹಿಂದೆ ಟಾರ್ಚ್ ಬಿಟ್ಟು, ನಟ್ಟಿನ ಕೆಳಗೆ ಬೆರಳು ಆಡಿಸಿ ನನಗೆ ತೋರಿಸಿದರು. ಬೆರಳ ತುದಿಯಲ್ಲಿ ಎಣ್ಣೆ ಹೊಳೆಯುತ್ತಿತ್ತು, ಅದಕ್ಕೆ ಧೂಳು ಮೆತ್ತಿಕೊಂಡಿತ್ತು. "ನೋಡ್ ಬೇಟಾ, ಗ್ಯಾಸ್ ಕಣ್ಣಿಗೆ ಕಾಣಂಗಿಲ್ಲ, ಎಣ್ಣಿ ಕಾಣ್ತದ" ಅಂದರು. ಗ್ಯಾಸನ್ನು ಒತ್ತಿ ಓಡಿಸುವ ಯಂತ್ರಕ್ಕೆ ಕಂಪ್ರೆಸರ್ ಅಂತಾರೆ, ಅದರ ಎಣ್ಣೆ ಗ್ಯಾಸಿನ ಜೊತೆಗೇ ಓಡಾಡುತ್ತದೆ, ಗ್ಯಾಸು ತಪ್ಪಿಸಿಕೊಂಡ ಕಡೆ ಒಂದಿಷ್ಟು ಎಣ್ಣೆ ಬಿಟ್ಟು ಹೋಗುತ್ತದೆ. ಆಮೇಲೆ ಸೋಪಿನ ನೊರೆ ಹಚ್ಚಿದರು. ಸ್ವಲ್ಪ ಹೊತ್ತಿಗೆ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು, ಒಡೆಯಿತು, ಇನ್ನೊಂದು ಎದ್ದಿತು.

ನಟ್ಟು ಬಿಚ್ಚಿದಾಗ ತಾಮ್ರದ ಪೈಪಿನ ಬಾಯಿ ಸೀಳಿತ್ತು. ಆ ಬಾಯನ್ನು ತುತ್ತೂರಿಯ ಬಾಯಿಯಂತೆ ಅಗಲ ಮಾಡುತ್ತಾರೆ, ಅದಕ್ಕೆ ಫ್ಲೇರ್ ಅಂತಾರೆ, ಇಡೀ ಎಸಿ ನಿಂತಿರುವುದೇ ಈ ಬಾಯಿಗಳು ಸರಿಯಾಗಿ ಕೂತುಕೊಳ್ಳುವುದರ ಮೇಲೆ. ಅವಸರದಲ್ಲಿ ಸ್ಪ್ಯಾನರ್ ಹಾಕಿ ಜಾಸ್ತಿ ಬಿಗಿ ಮಾಡಿದ್ದಕ್ಕೆ ಸೀಳಿದೆ ಅಂದರು ಚಾಚಾ. ಅಷ್ಟು ಪೈಪನ್ನು ಕತ್ತರಿಸಿ ತೆಗೆದರು. ಕತ್ತರಿಸಿದ ಅಂಚಿನ ಒಳಗಿನ ಮುಳ್ಳನ್ನು ಕೆರೆಯುವಾಗ ಪೈಪಿನ ಬಾಯಿ ಕೆಳಗೆ ಮಾಡಿಯೇ ಹಿಡಿದರು, ತಾಮ್ರದ ಒಂದು ಪುಡಿಯೂ ಒಳಗೆ ಬೀಳಬಾರದು ಅಂತ. ಹೊಸ ಬಾಯಿ ಮಾಡಿ, ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿ, ಇಷ್ಟವಾಗದೆ ಮತ್ತೆ ಕತ್ತರಿಸಿ ಇನ್ನೊಂದು ಮಾಡಿದರು.

ಆಮೇಲೆ ವ್ಯಾಕ್ಯೂಮ್ ಪಂಪು. ಆ ಯಂತ್ರವನ್ನು ನಮ್ಮ ಮನೆಯಲ್ಲಿ ನೋಡಿದ್ದು ಅವತ್ತೇ ಮೊದಲು. ಮುಂಚೆ ಬಂದವರ ಹತ್ತಿರ ಅದು ಇರಲೇ ಇಲ್ಲ.

ಇದು ಯಾಕೆ ಬೇಕು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊಸ ಎಸಿ ಬರುವಾಗ ಗ್ಯಾಸೆಲ್ಲ ಹೊರಗಿನ ಪೆಟ್ಟಿಗೆಯಲ್ಲಿ ವಾಲ್ವ್ ಹಾಕಿ ಮುಚ್ಚಿರುತ್ತದೆ. ಗೋಡೆಗೆ ಹಾಕುವ ಯೂನಿಟ್ಟಿನ ಕೊಳವೆಯಲ್ಲಿ, ನಡುವಿನ ತಾಮ್ರದ ಪೈಪಿನಲ್ಲಿ ಜೋಡಿಸುವಾಗ ನಮ್ಮ ನಿಮ್ಮ ಗಾಳಿ ತುಂಬಿಕೊಳ್ಳುತ್ತದೆ. ಗಾಳಿ ಅಂದಮೇಲೆ ತೇವಾಂಶವೂ ಇರುತ್ತದೆ. ಅದನ್ನು ಪಂಪಿನಿಂದ ಪೂರ್ತಿ ಎಳೆದು ತೆಗೆಯದೆ ಗ್ಯಾಸು ಬಿಟ್ಟರೆ ಆ ತೇವ ಒಳಗೇ ಉಳಿಯುತ್ತದೆ. ಕೊಳವೆ ಕಿರಿದಾಗಿರುವ ಕಡೆ ಮಂಜುಗಡ್ಡೆ ಕಟ್ಟುತ್ತದೆ, ಎಣ್ಣೆ ಜೊತೆ ಸೇರಿ ಆಮ್ಲವಾಗಿ ಕಂಪ್ರೆಸರಿನ ವೈಂಡಿಂಗನ್ನು, ಅಂದರೆ ಅದರ ಮೋಟರಿನ ತಂತಿ ಸುತ್ತನ್ನು, ನಿಧಾನಕ್ಕೆ ತಿನ್ನುತ್ತದೆ. ಮೂರು ವರ್ಷ ಆದಮೇಲೆ ಕಂಪ್ರೆಸರ್ ಹೋದರೆ ನಾವು ಕಂಪನಿಗೆ ಬೈಯುತ್ತೇವೆ. ಸುಲಭದ ದಾರಿ ಒಂದಿದೆ, ಎಷ್ಟೋ ಜನ ಅದನ್ನೇ ಮಾಡುತ್ತಾರೆ. ಪೆಟ್ಟಿಗೆಯಲ್ಲಿರುವ ಗ್ಯಾಸನ್ನೇ ಒಂದಿಷ್ಟು ಬಿಟ್ಟು ಗಾಳಿಯನ್ನು ಹೊರಗೆ ತಳ್ಳುವುದು. ಐದು ಸೆಕೆಂಡಿನ ಕೆಲಸ, ಸೊಂಯ್ ಅಂತ ಶಬ್ದ ಬರುತ್ತದೆ. ಹಾಗೆ ಮಾಡಿದರೆ ತೇವ ಪೂರ್ತಿ ಹೋಗುವುದಿಲ್ಲ, ನಾವು ದುಡ್ಡು ಕೊಟ್ಟ ಗ್ಯಾಸು ಮಾತ್ರ ಹೋಗುತ್ತದೆ. ಈಗಿನ ಎಸಿಗಳಲ್ಲಿ ಹೆಚ್ಚಾಗಿ ಇರುವುದು ಆರ್-32. ಅದಕ್ಕೆ ಬೆಂಕಿ ಹತ್ತುವ ಗುಣ ಸ್ವಲ್ಪ ಇದೆ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅಷ್ಟೇ ತೂಕದ ಇಂಗಾಲದ ಡೈ ಆಕ್ಸೈಡಿಗಿಂತ 675 ಪಟ್ಟು ಜೋರು. ಇಂಥದನ್ನು ಸುಮ್ನೆ ಗಾಳಿಗೆ ಬಿಟ್ಟರೆ ಹೇಗೆ?

ಚಾಚಾ ಪಂಪನ್ನು ಅರ್ಧ ತಾಸು ಓಡಿಸಿದರು. ಮೀಟರಿನ ಮುಳ್ಳು ಸೊನ್ನೆಯ ಕೆಳಗೆ ಇಳಿದು ನಿಂತ ಮೇಲೆ ಪಂಪು ಬಂದ್ ಮಾಡಿ, ಚಹಾ ಕುಡಿಯುತ್ತಾ ಮುಳ್ಳನ್ನೇ ನೋಡುತ್ತಾ ಕೂತರು. ಹತ್ತು ನಿಮಿಷ ಮುಳ್ಳು ಅಲ್ಲಾಡಲಿಲ್ಲ, ಅಂದರೆ ಎಲ್ಲೂ ಸೋರುತ್ತಿಲ್ಲ. ಆಮೇಲೆ ಸಿಲಿಂಡರನ್ನು ಪುಟ್ಟ ತೂಕದ ಯಂತ್ರದ ಮೇಲಿಟ್ಟು, ಹೊರಗಿನ ಪೆಟ್ಟಿಗೆಯ ಚೀಟಿಯಲ್ಲಿ ಎಷ್ಟು ಗ್ರಾಂ ಅಂತ ಬರೆದಿತ್ತೋ ಅಷ್ಟೇ ತೂಗಿ ತುಂಬಿದರು. ನೀರು ತೊಟ್ಟಿಕ್ಕುವುದಕ್ಕೆ ಕಾರಣ ಇನ್ನೂ ಸಣ್ಣದು. ಎಸಿಯ ನೀರು ಹೊರಗೆ ಹೋಗುವ ಕೊಳವೆ ಹಾಯುವ ಗೋಡೆಯ ತೂತು ಹೊರಗಿನ ಕಡೆಗೆ ಇಳಿಜಾರಾಗಿರಬೇಕು, ನಮ್ಮದು ಒಳಗಿನ ಕಡೆಗೆ ಇಳಿದಿತ್ತು. ಬೆರಳಗಲದ ತಪ್ಪು, ಒಂದು ತಿಂಗಳು ಅಪ್ಪ ಹಾಸಿಗೆ ಎಳೆದುಕೊಂಡು ಮೂಲೆಯಲ್ಲಿ ಮಲಗಿದರು.

ಎಲ್ಲ ಸೇರಿ ಮೂರು ತಾಸು ಹಿಡಿಯಿತು. ಅವತ್ತಿನಿಂದ ಇವತ್ತಿನವರೆಗೆ ಒಂದು ಹನಿ ನೀರು ಬಿದ್ದಿಲ್ಲ, ಗ್ಯಾಸು ಮುಟ್ಟಿಲ್ಲ.

ಕರೆಂಟಿನ ವಿಷಯವನ್ನೂ ಹೇಳಲೇಬೇಕು, ಇದು ಜೀವದ ಮಾತು. ಹಳೇ ಮನೆಗಳಲ್ಲಿ ಫ್ಯಾನು, ಟಿವಿಗೆ ಎಳೆದ ತೆಳ್ಳನೆಯ ವೈರಿಗೇ ಎಸಿ ಕೊಡುತ್ತಾರೆ. ಬೇಡ. ಮೇನ್ ಬೋರ್ಡಿನಿಂದ 4 ಸ್ಕ್ವೇರ್ ಎಂಎಂ ತಾಮ್ರದ ವೈರು ಬೇರೆಯಾಗಿ ಎಳೆಸಿ, ಅದಕ್ಕೆ ಅದರದೇ ಎಂಸಿಬಿ, ಅಂದರೆ ಜಾಸ್ತಿ ಕರೆಂಟ್ ಹರಿದರೆ ತಾನೇ ಬಂದ್ ಆಗುವ ಸ್ವಿಚ್ಚು, ಹಾಕಿಸಿ. ಮತ್ತೆ ಅರ್ಥಿಂಗ್, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ. ನಮ್ಮ ಕಡೆ ಬೇಸಿಗೆಯಲ್ಲಿ ನೆಲ ಆಳದವರೆಗೂ ಒಣಗುತ್ತದೆ. ಉಪ್ಪು, ಇದ್ದಿಲು ಹಾಕಿ ಮುಚ್ಚಿದ ಅರ್ಥಿಂಗ್ ಗುಂಡಿ ಒಣಗಿದರೆ ಅದು ಇದ್ದೂ ಇಲ್ಲದ ಹಾಗೆ. ವಾರಕ್ಕೆ ಎರಡು ಸಲ ಒಂದೊಂದು ಬಕೆಟ್ ನೀರು ಹಾಕಿ. ತಗಡಿನ ಕೂಲರ್ ಇರುವ ಮನೆಯವರಂತೂ ಇದನ್ನು ಮರೆಯಲೇಬೇಡಿ. ನೀರು, ತಗಡು, ಕರೆಂಟು ಮೂರೂ ಒಂದೇ ಕಡೆ ಇರುವ ಪೆಟ್ಟಿಗೆ ಅದು. ಮಕ್ಕಳು ಒದ್ದೆ ಕೈಯಲ್ಲಿ ಮುಟ್ಟುತ್ತಾರೆ. ನೀರು ಹಾಕುವ ಮುಂಚೆ ಪ್ಲಗ್ ಕಿತ್ತಿಡುವುದು ಮನೆಯ ರೂಢಿ ಆಗಬೇಕು.

ಹೊರಗಿನ ಪೆಟ್ಟಿಗೆಯನ್ನು ನಮ್ಮಲ್ಲಿ ಮಾಳಿಗೆಯ ನಡು ಬಿಸಿಲಿನಲ್ಲಿ, ಪ್ಯಾರಾಪೆಟ್ ಗೋಡೆಗೆ ಒತ್ತಿ ಇಟ್ಟಿದ್ದರು. ಮನೆಯ ಶಾಖ ಹೊರಗೆ ಹಾಕುವುದೇ ಅದರ ಕೆಲಸ, ಅದರ ಸುತ್ತಲೇ ಬಿಸಿಗಾಳಿ ಸುತ್ತುತ್ತಿದ್ದರೆ ಎಲ್ಲಿಗೆ ಹಾಕಬೇಕು? ಈಗ ಬಡಗಣ ಗೋಡೆಗೆ ಬ್ರಾಕೆಟ್ ಹಾಕಿಸಿ ಇಟ್ಟಿದ್ದೇವೆ. ಅಕ್ಕಿ ಮಿಲ್ಲು, ಹತ್ತಿ ಮಿಲ್ಲಿನ ಹತ್ತಿರ ಇರುವವರು ತಿಂಗಳಿಗೊಮ್ಮೆ ಅದರ ಹಿಂದಿನ ಜಾಲರಿ ನೋಡಬೇಕು, ಹೊಟ್ಟು, ಅರಳೆ ಕೂತು ಕಂಬಳಿ ಹೊದಿಸಿದ ಹಾಗಾಗಿರುತ್ತದೆ. ಎಲ್ಲಕ್ಕಿಂತ ಮುಖ್ಯ, ಮುಂದೆ ರಿಪೇರಿಗೆ ಬರುವವನು ನಿಲ್ಲಲು ಜಾಗ ಇರಬೇಕು. ಎರಡನೇ ಅಂತಸ್ತಿನ ಕಿಟಕಿಯ ಸಜ್ಜೆ ಮೇಲೆ ಹಗ್ಗ ಇಲ್ಲದೆ ಒಂದು ಕೈಯಲ್ಲಿ ಕಿಟಕಿ ಸರಳು ಹಿಡಿದು ನಿಂತ ಹುಡುಗನನ್ನು ಕೆಳಗಿನಿಂದ ನೋಡಿ ನನ್ನ ಎದೆ ನಡುಗಿದೆ. ಹಗ್ಗ ಕಟ್ಟಿಕೊಳ್ಳದೆ ಹತ್ತಬೇಡ ಅಂತ ಹೇಳುವ ಹಕ್ಕು ಮನೆಯವರಾದ ನಮಗಿದೆ.

ಎಷ್ಟು ಟನ್ ಅನ್ನುವ ಪ್ರಶ್ನೆಗೆ ಬರುತ್ತೇನೆ. ಟನ್ ಅಂದರೆ ಎಸಿಯ ತೂಕ ಅಂದುಕೊಂಡವರು ಇನ್ನೂ ಇದ್ದಾರೆ. ಒಂದು ಟನ್ ಮಂಜುಗಡ್ಡೆ 24 ತಾಸಿನಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ಶಾಖ ಎಳೆಯುವ ಶಕ್ತಿ, ಸುಮಾರು 3.5 ಕಿಲೋವ್ಯಾಟ್. ನೆತ್ತಿ ಮೇಲೆ ಇನ್ನೊಂದು ಅಂತಸ್ತು ಇರುವ ಕೋಣೆಗೆ ಒಂದು ಟನ್ ಸಾಕಾಗುವ ಕಡೆ, ಬರೀ ಆರ್‌ಸಿಸಿ ಇರುವ ಅಷ್ಟೇ ದೊಡ್ಡ ಕೋಣೆಗೆ ಒಂದೂವರೆ ಬೇಕಾಗುತ್ತದೆ. ಹಾಗಾದರೆ ಮೊದಲು ಛತ್ತಿಗೆ ಏನಾದರೂ ಮಾಡಬೇಕು, ಅಲ್ವಾ? ಮಾಳಿಗೆಗೆ ಎರಡು ಕೋಟ್ ಸುಣ್ಣ ಬಳಿಯಲು ತಗಲುವ ಖರ್ಚು ಒಂದು ಸಲ ಗ್ಯಾಸ್ ತುಂಬಿಸುವುದಕ್ಕಿಂತ ಕಡಿಮೆ. ಬಿಳಿ ಮೇಲ್ಮೈ ಬಿಸಿಲನ್ನು ವಾಪಸ್ ಕಳಿಸುತ್ತದೆ, ಕಪ್ಪು ಸಿಮೆಂಟು ಕುಡಿದುಕೊಳ್ಳುತ್ತದೆ. ನಮ್ಮ ಹಿರಿಯರ ಮಣ್ಣಿನ ಮಾಳಿಗೆ ಮನೆಗಳು ಮಧ್ಯಾಹ್ನವೂ ತಂಪಾಗಿದ್ದವು. ಅವನ್ನು ಕೆಡವಿ ನಾವೇ ಕಾಯುವ ಪೆಟ್ಟಿಗೆ ಕಟ್ಟಿಕೊಂಡಿದ್ದೇವೆ.

ಎಲ್ಲರಿಗೂ ಎಸಿ ಬೇಕೇಬೇಕು ಅಂತಲೂ ನಾನು ಹೇಳುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ನಮ್ಮ ಗಾಳಿ ಒಣ ಗಾಳಿ, ಕೂಲರಿಗೆ ಹೇಳಿ ಮಾಡಿಸಿದ್ದು. ನೀರು ಆರುವಾಗ ಗಾಳಿಯ ಶಾಖ ಎಳೆದುಕೊಳ್ಳುತ್ತದೆ, ಅದಕ್ಕೇ ತಂಪು. ಕೂಲರಿನ ಬೆನ್ನು ಕಿಟಕಿಯ ಹೊರಗಿರಬೇಕು, ಎದುರಿನ ಬಾಗಿಲೋ ಕಿಟಕಿಯೋ ಸ್ವಲ್ಪ ತೆರೆದಿರಬೇಕು. ಬಾಗಿಲು ಹಾಕಿದ ಕೋಣೆಯ ನಡುವೆ ಕೂಲರ್ ಇಟ್ಟರೆ ಒಂದು ತಾಸಿಗೆ ಮೈಯೆಲ್ಲ ಅಂಟಂಟು. ಮಳೆ ಬಿದ್ದ ಮೇಲೆ ಅದರ ಆಟ ನಡೆಯುವುದಿಲ್ಲ, ಎಸಿಯ ಬೆಲೆ ಗೊತ್ತಾಗುವುದು ಆಗಲೇ.

ಬಿಲ್ಲಿನ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಸರಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಎಸಿ ರಾತ್ರಿಗೆ 6 ಯೂನಿಟ್ ತಿಂದರೂ ತಿಂಗಳಿಗೆ 180 ಆಯಿತು. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಪರ್ಸೆಂಟ್ ಕರೆಂಟ್ ಉಳಿಯುತ್ತದೆ ಅಂತ ಸ್ಟಾರ್ ಕೊಡುವ ಸರಕಾರಿ ಸಂಸ್ಥೆ ಬಿಇಇಯವರೇ ಹೇಳುತ್ತಾರೆ. ಅಪ್ಪ 27ಕ್ಕೆ ಇಟ್ಟು, ಫ್ಯಾನು ಒಂದರ ಮೇಲೆ ಹಾಕಿಕೊಂಡು ಆರಾಮಾಗಿ ಮಲಗುತ್ತಾರೆ. 18ಕ್ಕೆ ಇಟ್ಟು ಕಂಬಳಿ ಹೊದೆಯುವುದು ಯಾಕೋ ನನಗೆ ತಿಳಿಯುವುದಿಲ್ಲ.

ಆ ಇಬ್ಬರು ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಫಿಟ್ಟಿಂಗಿಗೆ ಇಷ್ಟು ಅಂತ ಕೊಡುತ್ತಾರೆ, ತಾಸಿನ ಲೆಕ್ಕವಿಲ್ಲ. ಏಪ್ರಿಲ್‌ನಲ್ಲಿ ದಿನಕ್ಕೆ ಏಳೆಂಟು ಮನೆ. ಪಂಪು ಕೊಟ್ಟಿಲ್ಲ, ಕಲಿಸಿಲ್ಲ, ಕಾದ ಮಾಳಿಗೆ ಮೇಲೆ ನಡುಮಧ್ಯಾಹ್ನ ನಿಲ್ಲಿಸಿದ್ದಾರೆ. ಅವಸರ ಮಾಡದೆ ಇನ್ನೇನು ಮಾಡಿಯಾರು? ನಲವತ್ತು ಸಾವಿರದ ಎಸಿ ತಂದು ಫಿಟ್ಟಿಂಗಿಗೆ ಮುನ್ನೂರು ರೂಪಾಯಿ ಕಡಿಮೆ ಮಾಡಿ ಅಂತ ಜಗ್ಗಾಡುವವರು ನಾವು. ಆ ಮುನ್ನೂರರಲ್ಲೇ ಅರ್ಧ ತಾಸಿನ ಪಂಪು ಹೋಗುತ್ತದೆ.

ಗಂಗಾವತಿಯ ನಮ್ಮ ಅಕ್ಕನ ಮನೆಗೆ ಮುಂದಿನ ವಾರ ಎಸಿ ಬರುತ್ತದೆ. ನಿನ್ನೆ ಫೋನಿನಲ್ಲಿ ಹೇಳಿದ್ದೇನೆ, "ಅಕ್ಕಾ, ಬೆಳಿಗ್ಗೆ ಏಳಕ್ಕೆ ಬರಾಕ್ ಹೇಳು, ವ್ಯಾಕ್ಯೂಮ್ ಪಂಪ್ ತರ್ತೀರೇನು ಅಂತ ಮೊದ್ಲ ಕೇಳು, ನಾಷ್ಟಾ ಮಾಡ್ಸಿ ಕಳ್ಸು." ಮಾವ ಏಣಿಗೆ ಹಗ್ಗ ತರಲು ಹೋಗಿದ್ದಾರಂತೆ.