ಎರಡನೇ ಕ್ಲಾಸಿನಲ್ಲೇ ಡಿಸ್ಲೆಕ್ಸಿಯಾ (ಓದು-ಬರಹದ ತೊಂದರೆ) ತಪಾಸಣೆ ಬೇಕಾ?

ಪರ

ಸಿಂಧನೂರಿನಲ್ಲಿರುವ ನಮ್ಮ ಅಕ್ಕನ ಮಗ ಎರಡನೇ ಕ್ಲಾಸಿನ ಪಾಠವನ್ನೆಲ್ಲ ಗಡಗಡ ಓದುತ್ತಿದ್ದ. ಒಂದಿನ ಸುಮ್ನೆ 'ಬಸವ' ಅಂತ ಬರೆದೆ, ಓದಿದ. ಅವೇ ಮೂರು ಅಕ್ಷರ ತಿರುಗಿಸಿ 'ವಸಬ' ಅಂತ ಬರೆದೆ. ಅದಕ್ಕೂ 'ಬಸವ' ಅಂದ. ಅವನು ಓದುತ್ತಲೇ ಇರಲಿಲ್ಲ, ಪದದ ಮುಖ ನೋಡಿ ಗುರುತು ಹಿಡಿಯುತ್ತಿದ್ದ ಅಷ್ಟೇ.

ಇಷ್ಟರಿಂದಲೇ ಏನೂ ತೀರ್ಮಾನ ಆಗುವುದಿಲ್ಲ, ನಿಜ. ಆದರೆ ಫೋನಾಲಾಜಿಕಲ್ (ದನಿಗೆ ಸಂಬಂಧಿಸಿದ) ಡಿಸ್ಲೆಕ್ಸಿಯಾ ಅನುಮಾನ ಶುರುವಾಗಬೇಕಾದ ಜಾಗ ಇದೇ. ಅಂಥ ಮಕ್ಕಳಿಗೆ ಅಕ್ಷರಕ್ಕೆ ದನಿ ಹಚ್ಚಿ ಪೋಣಿಸುವುದು ಕಷ್ಟ, ಗೊತ್ತಿರುವ ಪದ ಸಲೀಸು, ಹೊಸ ಪದ ಬಂದರೆ ಗಾಡಿ ನಿಂತೇ ಬಿಡುತ್ತದೆ. ಕಣ್ಣಿನ ದೋಷ ಅಲ್ಲ, ಬುದ್ಧಿ ಕಡಿಮೆಯೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆಯನ್ನೂ ತನ್ನ 21 ವಿಧದ ಅಂಗವೈಕಲ್ಯಗಳಲ್ಲಿ ಸೇರಿಸಿದೆ. ಆ ತೊಂದರೆಯ ಸರ್ಟಿಫಿಕೇಟ್ ಸಿಗಬೇಕಾದರೆ ಮಗುವಿಗೆ 8 ವರ್ಷ ಆಗಿರಬೇಕು. ಸಹಾಯಕ್ಕೂ ಅಲ್ಲಿವರೆಗೆ ಕಾಯಬೇಕಾ? 'ಅರಸ'ದಲ್ಲಿ 'ಅ' ತೆಗೆದರೆ ಏನುಳಿಯುತ್ತದೆ ಅಂತ ಮಗುವನ್ನು ಕೇಳುವುದಕ್ಕೆ ಯಾವ ಡಾಕ್ಟರ ಸಹಿಯೂ ಬೇಡ.

ವಿರೋಧ

ದೇವದುರ್ಗದ ಕಡೆ ನಲಿ-ಕಲಿ ಮಾಸ್ತರ ನಾನು. ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೇ ಕೂಡುತ್ತಾರೆ. ಕೆಲವರ ಮನೆಮಾತು ತೆಲುಗು, ಕೆಲವರದು ಲಂಬಾಣಿ. ಹತ್ತಿ ಬಿಡಿಸುವ ಕಾಲಕ್ಕೆ ಅರ್ಧ ಕ್ಲಾಸು ಖಾಲಿ, ಆಮೇಲೆ ಗುಳೆ. ನಾಲ್ಕು ತಿಂಗಳು ಬೆಂಗಳೂರಿನ ಶೆಡ್ಡಿನಲ್ಲಿದ್ದು ಬಂದ ಮಗು ಓದದಿದ್ದರೆ ಅದಕ್ಕೇನಂತ ಹೆಸರಿಡುತ್ತೀರಿ?

ಕನ್ನಡ ಬರಹವೂ ಸಣ್ಣದಲ್ಲ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ರೂಪ. ಅವು ಕೈಗೆ ಹತ್ತುವಷ್ಟರಲ್ಲಿ ಎಷ್ಟೋ ಮಕ್ಕಳಿಗೆ ನಾಲ್ಕನೇ ಕ್ಲಾಸು ಬರುತ್ತದೆ. 'ಧನ' ಅನ್ನೋದನ್ನ 'ದನ' ಅಂತ ಬರೆದರೆ ಅದು ರೋಗ ಅಲ್ಲ, ನಮ್ಮ ಬಾಯಲ್ಲೇ ಮಹಾಪ್ರಾಣ ಇಲ್ಲ. (ಆ ಲೆಕ್ಕದಲ್ಲಿ ನನಗೂ ಡಿಸ್ಲೆಕ್ಸಿಯಾ!)

'ವಸಬ' ಆಟ ನನಗೂ ಇಷ್ಟವಾಯಿತು. ಆದರೆ 'ಅರಸ'ದಲ್ಲಿ 'ಅ' ತೆಗೆಯುವಂಥ ದನಿ ಬಿಡಿಸುವ ಆಟವನ್ನು ಮೊದಲು ಮಗುವಿನ ಮನೆಮಾತಿನಲ್ಲೇ ಆಡಿಸಿ. ಅಲ್ಲೂ ತಡವರಿಸಿದರೆ ಅನುಮಾನ ಪಡೋಣ. ಕನ್ನಡದಲ್ಲಿ ಮಾತ್ರ ತಡವರಿಸಿದರೆ ಕನ್ನಡ ಇನ್ನೂ ಕಿವಿಗೆ ಬಿದ್ದಿಲ್ಲ ಅಂತ ಅರ್ಥ, ಅಲ್ವಾ?

ಒಂದು ಸಲ ಅವಸರ ಮಾಡಿದ್ದೆ. ಹುಡುಗಿಗೆ ಏನೋ ತೊಂದರೆ ಇದೆ, ತೋರಿಸ್ರಿ ಅಂತ ಅವಳ ಅವ್ವನಿಗೆ ಹೇಳಿದೆ. "ಹಂಗಾದ್ರ ಹೊಲಕ್ಕ ಬರ್ಲಿ ಬಿಡ್ರಿ ಸರ" ಅಂದಳು. ಮತ್ತೆ ಸಾಲಿಗೆ ಕರೆತರೋದಕ್ಕೆ ಮೂರು ಸಲ ಅವರ ಮನೆಗೆ ಹೋದೆ. ಮುಂದಿನ ವರ್ಷ ದೀಪಾವಳಿ ಹೊತ್ತಿಗೆ ಆ ಹುಡುಗಿ ಓದತೊಡಗಿದಳು. ಆ ವರ್ಷ ಅವರ ಮನೆಯವರು ಗುಳೆ ಹೋಗಿರಲಿಲ್ಲ.